ಬಸ್ಸಿನ ಬಾಲದ ನೀರು

ಡಿಪೋ ಮ್ಯಾನೇಜರು ಕೇಳಿದ ಎರಡು ಪ್ರಶ್ನೆಗಳಿಗೆ ಡ್ರೈವರ್ ತಲೆಯಾಡಿಸಿದ್ದೇ ಎಲ್ಲ ಫಜೀತಿಗೂ ಮೂಲವಾಯಿತು. ಹೊಸ ಬಸ್ಸಿನ ಹಿಂದಿನ ಕೊಳವೆಯಲ್ಲಿ ಹೊಗೆಯ ಬದಲು ನೀರು ಬರುತ್ತದಂತೆ, ಹೌದೋ ಎಂದು ಅವರು ಕೇಳಿದರು. ತಲೆಯಾಡಿಸಿದ. ಆ ನೀರನ್ನು ಕುಡಿಯಲೂ ಬಹುದಂತೆ, ಹೌದೋ ಎಂದರು. ಅದಕ್ಕೂ ಆಡಿಸಿದ. ಮೇಲಿನವರು ಏನು ಕೇಳಿದರೂ ಅವನ ಕತ್ತು ತಾನಾಗಿಯೇ ಮೇಲೆ ಕೆಳಗೆ ಹೋಗುತ್ತಿತ್ತು. ಇಷ್ಟು ವರ್ಷ ಗುಂಡಿಬಿದ್ದ ರಸ್ತೆಗಳಲ್ಲಿ ಬಸ್ಸು ಓಡಿಸಿದ ಕತ್ತಿಗೆ ಬೇರೆ ದಿಕ್ಕಿನ ಅಭ್ಯಾಸವೇ ತಪ್ಪಿಹೋಗಿತ್ತು.

ವಾರದೊಳಗೆ ಊರ ತುಂಬ ಪೋಸ್ಟರು ಅಂಟಿದವು. ಜಲಜನಕದಿಂದ ಓಡುವ ಊರಿನ ಮೊದಲ ಬಸ್ಸನ್ನು ಸಾರಿಗೆ ಸಂಸ್ಥೆಯ ಅಧ್ಯಕ್ಷರು ಮುಖ್ಯ ಕಚೇರಿಯ ಅಂಗಳದಲ್ಲಿ ಉದ್ಘಾಟಿಸುವರು. ಬಸ್ಸಿನಿಂದ ಬಂದ ನೀರನ್ನು ಸಾರ್ವಜನಿಕರ ಎದುರೇ ಕುಡಿದು ತೋರಿಸುವರು. ಕೆಳಗೆ ಬಸ್ಸಿನ ಚಿತ್ರ, ಪಕ್ಕದಲ್ಲಿ ಅಧ್ಯಕ್ಷರ ಚಿತ್ರ. ಬಸ್ಸಿಗಿಂತ ಅಧ್ಯಕ್ಷರೇ ದೊಡ್ಡದಾಗಿ ಕಾಣುತ್ತಿದ್ದರು.

ಆ ಬಸ್ಸು ಓಡಿಸುವ ಅದೃಷ್ಟ ಒಲಿದದ್ದು ನಮ್ಮ ಡ್ರೈವರಿಗೆ. ಒಲಿಯಿತು ಎನ್ನುವುದಕ್ಕಿಂತ, ಬೇಡಿ ಕಾಡಿ ಪಡೆದುಕೊಂಡ ಎನ್ನಬೇಕು. ಅಲ್ಲಿಯವರೆಗೆ ಅವನ ಪಾಲಿಗಿದ್ದದ್ದು ಮಾರ್ಕೆಟ್ಟಿನ ಕಡೆಗೆ ಹೋಗುವ ಹಳೆಯ ಡೀಸೆಲ್ ಬಸ್ಸು. ಗೇರು ಹಾಕಬೇಕಾದರೆ ಸೀಟು ಬಿಟ್ಟು ಅರ್ಧ ಏಳಬೇಕು, ಬ್ರೇಕು ಹಿಡಿಯಬೇಕಾದರೆ ದೇವರನ್ನು ನೆನೆಯಬೇಕು. ಸಂಜೆ ಮನೆಗೆ ಬಂದರೆ ಬಲಭುಜ ಎಡಭುಜಕ್ಕಿಂತ ಒಂದು ಬೆರಳು ಕೆಳಗಿಳಿದಿರುತ್ತಿತ್ತು. ಮೈಮೇಲಿನ ಡೀಸೆಲ್ ವಾಸನೆಗೆ ಹೆಂಡತಿ ಮೂಗು ಮುರಿಯುವುದನ್ನು ಬಿಟ್ಟು ಎಷ್ಟೋ ಕಾಲವಾಗಿತ್ತು, ಆದರೆ ಅವಳ ತಾಯಿ ಬಿಟ್ಟಿರಲಿಲ್ಲ. ಅತ್ತೆ ಆ ಮನೆಗೆ ಬಂದು ನೆಲೆಸಿದ ಮೇಲೆ ಊರಿನ ಎಲ್ಲ ಬಸ್ಸುಗಳನ್ನೂ ಹತ್ತಿ ಇಳಿದಿದ್ದರು, ಅಳಿಯನ ಬಸ್ಸೊಂದನ್ನು ಬಿಟ್ಟು. ಹೊಗೆಗೆ ಕೆಮ್ಮು ಬರುತ್ತದೆ ಎನ್ನುವುದು ಅವರು ಕೊಟ್ಟ ಕಾರಣ. ದೊಡ್ಡ ಅಳಿಯ ಕಾರ್ಖಾನೆಯಲ್ಲಿ ಮೇಲ್ವಿಚಾರಕ, ಚಿಕ್ಕ ಅಳಿಯ ಹೊಗೆ ಬಸ್ಸಿನ ಡ್ರೈವರ್ ಎನ್ನುವುದು ಹೇಳದೆ ಉಳಿದ ಕಾರಣ. ಡ್ರೈವರಿಗೆ ಎರಡೂ ಗೊತ್ತಿತ್ತು.

ಹಾಗಾಗಿ ಉದ್ಘಾಟನೆಯ ದಿನ ಬೆಳಿಗ್ಗೆ ಅವನು ಹೊಸ ಸಮವಸ್ತ್ರ ತೊಟ್ಟು ಬೂಟಿಗೆ ಪಾಲಿಶ್ ಹಾಕುತ್ತಿರುವಾಗ, ಮದುವೆಯ ದಿನ ಕೂಡ ಹೀಗೆ ಉಜ್ಜಿಕೊಂಡಿರಲಿಲ್ಲ ಎಂದು ಹೆಂಡತಿ ಹೇಳಿದ್ದು ಸುಳ್ಳೇನಲ್ಲ.

ಅವನ ಮನೆಯಿದ್ದ ಕಟ್ಟಡದ ಮೆಟ್ಟಿಲುಗಳ ಮೇಲೆ ಆಗಲೇ ಸಭೆ ಸೇರಿತ್ತು. ಮೇಲಿನ ಮನೆಯ ನಿವೃತ್ತ ವಿಜ್ಞಾನದ ಮೇಷ್ಟ್ರು ಕೇಳಿದವರಿಗೂ ಕೇಳದವರಿಗೂ ಜಲಜನಕದ ಗುಣಗಾನ ಮಾಡುತ್ತಿದ್ದರು. ಜಗತ್ತಿನಲ್ಲಿ ಅದಕ್ಕಿಂತ ಹಗುರವಾದದ್ದು ಇಲ್ಲವಂತೆ. ಹವಾಮಾನದವರು ಬಲೂನಿಗೆ ತುಂಬಿ ಮೋಡದಾಚೆ ಕಳಿಸುವುದು ಅದನ್ನೇ, ಹೊಲಕ್ಕೆ ಹಾಕುವ ಗೊಬ್ಬರ ತಯಾರಾಗುವುದು ಅದರಿಂದಲೇ, ಅದು ಗಾಳಿಯ ಆಮ್ಲಜನಕದ ಜೊತೆ ಕೂಡಿದರೆ ನೀರು, ಅದಕ್ಕೇ ಆ ಹೆಸರು. ಬಸ್ಸಿನೊಳಗೆ ನಡೆಯುವುದೂ ಆ ಕೂಡುವಿಕೆಯೇ. ಆಗ ಹುಟ್ಟುವ ಕರೆಂಟಿನಿಂದ ಚಕ್ರ ತಿರುಗುತ್ತದೆ, ನೀರು ಹೊರಗೆ ಬರುತ್ತದೆ. ಕರೆಂಟು ಹೆಚ್ಚು ಎಳೆದಷ್ಟೂ ನೀರೂ ಹೆಚ್ಚು. ಕೆಳಗಿನ ಮನೆಯ ಟೈಲರಿಗೆ ಇದ್ಯಾವುದೂ ಬೇಕಿರಲಿಲ್ಲ. ಹಿಂದೊಮ್ಮೆ ಗ್ಯಾಸು ಬಲೂನಿನ ಹತ್ತಿರ ಬೀಡಿ ಹಚ್ಚಿ ಅರ್ಧ ಮೀಸೆ ಕಳೆದುಕೊಂಡ ಮನುಷ್ಯ ಆತ. ಬಲೂನಿಗೇ ಅಷ್ಟಾದರೆ ಬಸ್ಸಿಗೆ ಎಷ್ಟಾಗಬಹುದು ಎಂದು ಕೇಳಿದರು. ಅದರ ಟ್ಯಾಂಕು ಗುಂಡು ಹೊಡೆದರೂ ಒಡೆಯುವುದಿಲ್ಲ, ಸೋರಿದರೂ ಗ್ಯಾಸು ನೆಲದಲ್ಲಿ ನಿಲ್ಲದೆ ಸೀದಾ ಮೇಲಕ್ಕೆ ಹೋಗಿಬಿಡುತ್ತದೆ ಎಂದು ತರಬೇತಿಯಲ್ಲಿ ಹೇಳಿಕೊಟ್ಟದ್ದನ್ನು ಡ್ರೈವರ್ ಒಪ್ಪಿಸಿದ. ನಾವೂ ಅದರ ಜೊತೆಗೇ ಮೇಲಕ್ಕೆ ಹೋಗ್ತೀವಾ ಎಂದು ಟೈಲರು ಮೆಲ್ಲಗೆ ವಿಚಾರಿಸಿದರು.

ಅಷ್ಟರಲ್ಲಿ ಬಂದದ್ದು ಭಾವ. ಹೆಂಡತಿಯ ಅಕ್ಕನ ಗಂಡ, ವನಸ್ಪತಿ ಕಾರ್ಖಾನೆಯ ಮೇಲ್ವಿಚಾರಕ. ಅವರು ಎಲ್ಲಿಗೆ ಬಂದರೂ ಬಾಗಿಲಿನಲ್ಲಿ ಒಂದು ಗಳಿಗೆ ನಿಲ್ಲುತ್ತಿದ್ದರು, ನೋಡುವವರಿಗೆ ಅನುಕೂಲವಾಗಲಿ ಎಂದು.

“ಈ ಗ್ಯಾಸನ್ನ ನಾವು ಕಾರ್ಖಾನೆಯಲ್ಲಿ ದಿನಾ ಎಣ್ಣೆಯೊಳಗೆ ಬಿಡ್ತೀವಿ ಕಣಯ್ಯ,” ಎಂದರು. “ನೀರಿನ ಹಾಗಿದ್ದ ಎಣ್ಣೆ ಗಟ್ಟಿಯಾಗಿ ಡಬ್ಬಕ್ಕೆ ಕೂರುತ್ತೆ. ಅಂಥ ಗ್ಯಾಸಿನಿಂದ ಬಂದ ನೀರು ಹೊಟ್ಟೆಯೊಳಗೆ ಏನು ಮಾಡುತ್ತೋ. ಅಧ್ಯಕ್ಷರು ಕುರ್ಚಿಯಲ್ಲೇ ಗಟ್ಟಿಯಾದರೆ ನಿನ್ನ ಕೆಲಸ ಏನಾಗುತ್ತೆ, ಯೋಚನೆ ಮಾಡಿದೀಯಾ?”

ಮೇಷ್ಟ್ರು ಅದು ಹಾಗಲ್ಲ ಎಂದು ಶುರುಮಾಡಿದರು. ಅವರನ್ನು ಅರ್ಧಕ್ಕೆ ತಡೆದದ್ದು ಅತ್ತೆ. ಒಳ್ಳೆಯ ಸೀರೆಯುಟ್ಟು, ಕೈಚೀಲ ಹಿಡಿದು ಹೊರಗೆ ಬಂದು ನಿಂತಿದ್ದರು.

“ಅಳಿಯಂದಿರೇ, ನಾನೂ ಬರ್ತೀನಿ. ಹೊಗೆ ಇಲ್ಲ ಅಂದ್ರಲ್ಲ.”

ಬಸ್ಸು ಈ ದಾರಿಯಲ್ಲೇ ಮುಖ್ಯ ಕಚೇರಿಗೆ ಹೋಗುತ್ತದೆ, ಬಾಗಿಲಲ್ಲಿ ನಿಂತಿರಿ, ನಿಲ್ಲಿಸುತ್ತೇನೆ ಎಂದು ಡ್ರೈವರ್ ಹೇಳಿದ. ಹೇಳಿದ್ದು ಅತ್ತೆಗೆ. ಕೇಳಿಸಿಕೊಂಡದ್ದು ಇಡೀ ಕಟ್ಟಡ.

ಡಿಪೋಗೆ ಹೋದರೆ ಅಲ್ಲಿ ಮ್ಯಾನೇಜರು ಬಸ್ಸಿನ ಹಿಂದೆ ಕುಕ್ಕರುಗಾಲಿನಲ್ಲಿ ಕೂತು, ಕೊಳವೆಯ ಕೆಳಗೆ ಗಾಜಿನ ಲೋಟ ಹಿಡಿದಿದ್ದರು. ಎಷ್ಟು ಹೊತ್ತಿನಿಂದ ಹಿಡಿದಿದ್ದರೋ, ಕೈ ಬದಲಿಸುತ್ತಿದ್ದರು. ಬಸ್ಸು ಚಾಲೂ ಆಗಿತ್ತು. ಕೊಳವೆಯಿಂದ ಬಿಳಿಯ ಹಬೆ ಭುಸ್ ಎಂದು ಬಂದು, ಬಿಸಿಲಿಗೆ ಸೋಕುತ್ತಲೇ ಮಾಯವಾಗುತ್ತಿತ್ತು. ಲೋಟದಲ್ಲಿ ಒಂದು ಹನಿಯೂ ಇರಲಿಲ್ಲ.

ತರಬೇತಿಯ ದಿನಗಳಲ್ಲಿ ನೀರು ಬಂದದ್ದು ನಿಜ. ಆದರೆ ಅದು ನಸುಕಿನ ಚಳಿಯಲ್ಲಿ. ಇವತ್ತು ಬಿಸಿಲು ಬೆಳಿಗ್ಗೆಯಿಂದಲೇ ಹಗೆ ಸಾಧಿಸುವವರ ಹಾಗೆ ಕಾಯುತ್ತಿತ್ತು. ಬಸ್ಸು ಕಳಿಸಿದ ಕಂಪನಿಯ ಎಂಜಿನಿಯರು ಪಕ್ಕದಲ್ಲೇ ಇದ್ದರು. ನೀರು ಬರುತ್ತಲೇ ಇದೆ, ಆವಿಯ ರೂಪದಲ್ಲಿದೆ ಅಷ್ಟೇ ಎಂದು ಸಮಾಧಾನ ಹೇಳಿದರು. ಅಧ್ಯಕ್ಷರು ಆವಿಯ ರೂಪದಲ್ಲಿ ಕುಡಿಯುವುದು ಹೇಗೆ ಎಂದು ಮ್ಯಾನೇಜರು ಕೇಳಿದರು.

ಮ್ಯಾನೇಜರು ಡ್ರೈವರನ್ನು ತೋಳು ಹಿಡಿದು ಟೈರುಗಳ ರಾಶಿಯ ಹಿಂದಕ್ಕೆ ಕರೆದುಕೊಂಡು ಹೋದರು. ಅಂಗಡಿಯಲ್ಲಿ ಸಿಗುವ ನೀರಿನ ಬಾಟಲಿಯೊಂದನ್ನು ಜೇಬಿನಿಂದ ತೆಗೆದು ತೋರಿಸಿದರು. ಇದನ್ನು ಕೊಳವೆಯೊಳಗೆ ಮೆಲ್ಲಗೆ ಸುರಿದು ಬಟ್ಟೆ ತುರುಕಿಬಿಡುವುದು, ವೇದಿಕೆಯ ಹತ್ತಿರ ಬಟ್ಟೆ ಎಳೆದುಬಿಡುವುದು. ನೀರು ನೀರೇ ತಾನೇ. ಯಾರಿಗೆ ಗೊತ್ತಾಗುತ್ತದೆ.

ಡ್ರೈವರಿಗೆ ಕೈಚೀಲ ಹಿಡಿದು ಬಾಗಿಲಲ್ಲಿ ನಿಂತ ಅತ್ತೆ ಕಣ್ಣಿಗೆ ಕಟ್ಟಿದರು. ಆಗ ಅವನ ಕತ್ತು, ಕೆಲಸಕ್ಕೆ ಸೇರಿದ ಮೇಲೆ ಮೊದಲ ಬಾರಿಗೆ, ಮೇಲಿನವರ ಎದುರು ಎಡಕ್ಕೂ ಬಲಕ್ಕೂ ಆಡಿತು. ಕೀಲಿಗೆ ಎಣ್ಣೆ ಸಾಲದ ಬಾಗಿಲಿನಂತೆ ನಿಧಾನವಾಗಿ ಆಡಿತು, ಆದರೆ ಆಡಿತು.

“ಬೇಡ ಸಾರ್. ಬಸ್ಸೇ ಕೊಡುತ್ತೆ.”

“ಕೊಡದಿದ್ರೆ?”

“ಕೊಡದಿದ್ರೆ ನಾನು ಮಾರ್ಕೆಟ್ ಬಸ್ಸಿಗೆ ವಾಪಸ್ ಹೋಗ್ತೀನಿ.”

ಹೇಳಿಬಿಟ್ಟ ಮೇಲೆ ಅವನ ಬಲಭುಜ ತಾನಾಗಿ ನೋಯತೊಡಗಿತು.

ಕಟ್ಟಡದ ಮುಂದೆ ಬಸ್ಸು ನಿಲ್ಲಿಸಿದಾಗ ಒಬ್ಬರ ಬದಲು ಓಣಿಗೆ ಓಣಿಯೇ ಹತ್ತಿತು. ಅತ್ತೆ ಮೊದಲು, ಅವರ ಹಿಂದೆ ಹೆಂಡತಿ, ಆಮೇಲೆ ಮೇಷ್ಟ್ರು, ಅವರು ಪಾಠ ಹೇಳುತ್ತಿದ್ದ ಅಕ್ಕಪಕ್ಕದವರು, ಕೊನೆಗೆ ಕಣ್ಣುಮುಚ್ಚಿಕೊಂಡು ಟೈಲರು. ಭಾವನೂ ಹತ್ತಿದರು, ಕಷ್ಟ ಬಂದಾಗ ಮನೆಯವರೊಬ್ಬರು ಜೊತೆಯಲ್ಲಿರಬೇಕು ಎಂದು ವಿವರಿಸಿ. ನಿಲ್ಲಲೂ ಜಾಗವಿಲ್ಲದಷ್ಟು ಜನ ತುಂಬಿದರು. ಡ್ರೈವರ್ ಬೇಡ ಎನ್ನಬೇಕಿತ್ತು. ಆದರೆ ಒಂದೇ ದಿನ ಎರಡು ಸಲ ಬೇಡ ಎನ್ನುವಷ್ಟು ಅಭ್ಯಾಸ ಅವನಿಗೆ ಇನ್ನೂ ಆಗಿರಲಿಲ್ಲ.

ಮುಖ್ಯ ಕಚೇರಿ ಇರುವುದು ಏರುರಸ್ತೆಯ ತುದಿಯಲ್ಲಿ. ಹಳೆಯ ಬಸ್ಸಿನಲ್ಲಿ ಆ ಏರು ಹತ್ತುವುದೆಂದರೆ ಯುದ್ಧ. ಇಂಜಿನ್ನು ಕಿರುಚಿ, ಪ್ರಯಾಣಿಕರು ಉಸಿರು ಬಿಗಿಹಿಡಿದು, ಎಲ್ಲರೂ ಸೇರಿ ಅದನ್ನು ಮನಸ್ಸಿನಲ್ಲೇ ತಳ್ಳಬೇಕಿತ್ತು. ಈ ಬಸ್ಸು ಇಷ್ಟೂ ಜನರನ್ನು ಹೊತ್ತು, ಬೆಣ್ಣೆಯಲ್ಲಿ ಕೂದಲು ಎಳೆದ ಹಾಗೆ ಮೇಲೇರಿತು. ಒಂದು ಗದ್ದಲವಿಲ್ಲ, ಒಂದು ಕುಲುಕಿಲ್ಲ. ಹಿಂದಿನ ಸೀಟಿನವರು ಪಿಸುಗುಟ್ಟಿದ್ದೂ ಡ್ರೈವರಿಗೆ ಕೇಳಿಸುತ್ತಿತ್ತು. ಕಿಟಕಿಯ ಪಕ್ಕ ಕೂತ ಅತ್ತೆ ಮಗಳಿಗೆ ಹೇಳಿದ್ದೂ ಕೇಳಿಸಿತು: “ತೊಟ್ಟಿಲಲ್ಲಿ ಕೂತ ಹಾಗಿದೆ ಕಣೇ. ಎಷ್ಟು ಚೆನ್ನಾಗಿ ಓಡಿಸ್ತಾರೆ ನೋಡು.” ಕನ್ನಡಿಯಲ್ಲಿ ಭಾವನ ಮುಖವೂ ಕಾಣಿಸಿತು. ಎಣ್ಣೆ ಗಟ್ಟಿಯಾಗುವುದು ಹೇಗೆಂದು ಡ್ರೈವರಿಗೆ ಆಗ ಅರ್ಥವಾಯಿತು.

ಏರಿನ ಅರ್ಧದಲ್ಲಿ ರಸ್ತೆಗೆ ಅಡ್ಡವಾಗಿ ಒಂದು ತಳ್ಳುಗಾಡಿ ನಿಂತಿತ್ತು. ಉದ್ಘಾಟನೆಯ ತಂಪು ಪಾನೀಯಕ್ಕೆಂದು ಐಸಿನ ಗಡ್ಡೆಗಳನ್ನು ಹೇರಿಕೊಂಡು ಹೊರಟಿದ್ದ ಐಸ್ ವ್ಯಾಪಾರಿಯದು. ಚಕ್ರ ಕಳಚಿಬಿದ್ದಿತ್ತು. ಅವನು ಕರಗುತ್ತಿರುವ ಬಂಡವಾಳದ ಪಕ್ಕ ತಲೆಯ ಮೇಲೆ ಕೈಹೊತ್ತು ಕೂತಿದ್ದ. ಡ್ರೈವರ್ ಗಾಡಿಯನ್ನು ಸುತ್ತಿಕೊಂಡು ಮುಂದಕ್ಕೆ ಹೋಗಿ ಬಸ್ಸು ನಿಲ್ಲಿಸಿ, ಏನಾಯಿತೆಂದು ಕೇಳಲು ಇಳಿದು ಬಂದ.

ಏನಾಯಿತೆಂದು ಕೇಳುವುದೇ ಮರೆತುಹೋಯಿತು. ಬಸ್ಸಿನ ಬಾಲ ಗಾಡಿಗೆ ಮುತ್ತಿಡುವಷ್ಟು ಹತ್ತಿರವಿತ್ತು. ಅಷ್ಟು ಜನರನ್ನು ಹೊತ್ತು ಏರು ಹತ್ತಿದ ಬಸ್ಸು ಹಂಡೆಯ ಹಾಗೆ ಹಬೆ ಬಿಡುತ್ತಿತ್ತು. ಆ ಹಬೆ ಐಸಿನ ಮೇಲೆ ಮುಚ್ಚಿದ್ದ ತಗಡಿಗೆ ಬಡಿಯುತ್ತಿತ್ತು. ತಗಡು ಬೆವರುತ್ತಿತ್ತು. ಬೆವರು ಹನಿಯಾಗಿ, ಹನಿ ಗೆರೆಯಾಗಿ ಅಂಚಿನಿಂದ ತೊಟ್ಟಿಕ್ಕುತ್ತಿತ್ತು. ಡ್ರೈವರ್ ಬೆರಳು ಒಡ್ಡಿದ. ನೀರು.

ಮುಂದಿನದೆಲ್ಲ ಒಂದು ಸಣ್ಣ ದಂಡಯಾತ್ರೆಯಂತೆ ನಡೆಯಿತು. ವ್ಯಾಪಾರಿಯನ್ನೂ ಅವನ ಸಾಮಾನನ್ನೂ ಮೇಲಕ್ಕೆ ಮುಟ್ಟಿಸುವುದು, ಬದಲಿಗೆ ಎರಡು ಗಡ್ಡೆ ಐಸು ಮತ್ತು ತಗಡು ಬಸ್ಸಿನ ಬಾಲಕ್ಕೆ ಎಂದು ಮಾತಾಯಿತು. ತಗಡನ್ನು ಸುರುಳಿ ಮಾಡಿ ಕೊಳವೆಯ ಬಾಯಿಗೆ ಉದ್ದವಾಗಿ ಸಿಕ್ಕಿಸಿದರು. ಐಸನ್ನು ಗೋಣಿಯಲ್ಲಿ ಸುತ್ತಿ ತಗಡಿನ ಮೇಲೆ ಹೇರಿದರು. ಕಟ್ಟಲು ಹಗ್ಗ ಸಾಲದೆ ಬಂದಾಗ ಟೈಲರು ಕತ್ತಿನಲ್ಲಿದ್ದ ಅಳತೆ ಟೇಪನ್ನೇ ಬಿಚ್ಚಿಕೊಟ್ಟು, ತಾವು ಮಾತ್ರ ದೂರ ನಿಂತರು. ಮೇಷ್ಟ್ರು ಇದಕ್ಕೆ ಸಾಂದ್ರೀಕರಣ ಎನ್ನುತ್ತಾರೆ ಎಂದು ಸಾರಿದರು. ಹೆಸರು ಯಾವುದಾದರೂ ಆಗಲಿ, ಗೋಣಿ ಹಿಡಿದುಕೊಳ್ಳಿ ಎಂದು ಅತ್ತೆ ಅವರ ಕೈಗೆ ತುದಿ ಕೊಟ್ಟರು.

ಉಳಿದ ಅರ್ಧ ಏರನ್ನು ಬಸ್ಸು ಹತ್ತುವಾಗ ಹಿಂದೆ ರಸ್ತೆಯ ಮೇಲೆ ತೆಳ್ಳನೆಯ ಒದ್ದೆ ಗೆರೆ ಮೂಡುತ್ತ ಹೋಯಿತು. ಟೈಲರು ಹಿಂದಿನ ಗಾಜಿಗೆ ಮೂಗು ಒತ್ತಿ ಅದನ್ನೇ ನೋಡುತ್ತ, ಬರ್ತಿದೆ, ಬರ್ತಿದೆ ಎಂದು ಇಡೀ ಬಸ್ಸಿಗೆ ವರದಿ ಕೊಟ್ಟರು.

ಮುಖ್ಯ ಕಚೇರಿಯ ಅಂಗಳ ತುಂಬಿತ್ತು. ವೇದಿಕೆಯ ಮೇಲೆ ಅಧ್ಯಕ್ಷರು, ಕೆಳಗೆ ಕ್ಯಾಮರಾ ಹಿಡಿದವರು, ಒಂದು ಮೂಲೆಯಲ್ಲಿ ಬಾಟಲಿಯನ್ನು ಇನ್ನೂ ಜೇಬಿನಲ್ಲೇ ಇಟ್ಟುಕೊಂಡ ಮ್ಯಾನೇಜರು, ಅವರ ಪಕ್ಕದಲ್ಲಿ ಎಂಜಿನಿಯರು. ಬಸ್ಸು ಸದ್ದಿಲ್ಲದೆ ಬಂದದ್ದರಿಂದ ಅದು ಬಂದದ್ದೇ ಅರ್ಧ ಜನಕ್ಕೆ ಗೊತ್ತಾಗಲಿಲ್ಲ. ಗೊತ್ತಾದ ಮೇಲೆ ಎಲ್ಲರ ಕಣ್ಣು ಹೋದದ್ದು ಬಾಲಕ್ಕೆ. ಗೋಣಿ ಸುತ್ತಿದ ತಗಡಿನ ತುದಿಯಿಂದ ಕಿರುಬೆರಳು ಗಾತ್ರದ ಧಾರೆ ಇಳಿಯುತ್ತಿತ್ತು.

ಚಪ್ಪಾಳೆ ಬಿತ್ತು. ಮ್ಯಾನೇಜರಿಗೆ ಹೋದ ಜೀವ ಬಂತು. ಡ್ರೈವರ್ ಹಿಂದಕ್ಕೆ ಹೋಗಿ ಧಾರೆಗೆ ಲೋಟ ಹಿಡಿದ. ಅಧ್ಯಕ್ಷರು ವೇದಿಕೆಯಿಂದ ಇಳಿದು ಬಂದು ಲೋಟಕ್ಕೆ ಕೈಚಾಚಿದರು. ಆಗ ಗುಂಪಿನ ನಡುವಿನಿಂದ ಭಾವನ ದನಿ ಕೇಳಿಸಿತು. ಜೋರಾಗಿಯೇನೂ ಹೇಳಲಿಲ್ಲ, ಎಲ್ಲರಿಗೂ ಕೇಳುವಷ್ಟು ಮಾತ್ರ ಹೇಳಿದರು.

“ಅದು ಐಸ್ ಕರಗಿದ ನೀರು. ದಾರಿಯಲ್ಲಿ ಕಟ್ಟಿದ್ದನ್ನ ನಾನೇ ನೋಡಿದೀನಿ.”

ಅಂಗಳ ತಣ್ಣಗಾಯಿತು. ಅಧ್ಯಕ್ಷರ ಕೈ ಲೋಟದಿಂದ ಹಿಂದಕ್ಕೆ ಬಂತು. ಮ್ಯಾನೇಜರು, ತಮಗೂ ಈ ಡ್ರೈವರಿಗೂ ಪರಿಚಯವೇ ಇಲ್ಲವೆಂಬಂತೆ ಎರಡು ಹೆಜ್ಜೆ ಆಚೆ ಸರಿದರು. ಹೆಂಡತಿಯ ಮುಖ ಬಿಳಿಚಿತು. ಡ್ರೈವರಿಗೆ ಕಿವಿಯೊಳಗೆ ಹಳೆಯ ಬಸ್ಸಿನ ಇಂಜಿನ್ನು ಕೇಳಿಸಿದಂತಾಯಿತು.

ಆದರೆ ಧಾರೆಗೆ ಹಿಡಿದಿದ್ದ ಅವನ ಕೈ ಅವನಿಗೆ ಬೇರೇನನ್ನೋ ಹೇಳುತ್ತಿತ್ತು. ಅವನು ಲೋಟ ತುಂಬಿಸಿ, ಜನರ ನಡುವೆ ದಾರಿ ಮಾಡಿಕೊಂಡು ಹೋಗಿ ಭಾವನ ಎದುರು ನಿಂತ.

“ಭಾವ, ಬೆರಳು ಅದ್ದಿ ನೋಡಿ.”

ಕ್ಯಾಮರಾಗಳೆಲ್ಲ ಅತ್ತ ತಿರುಗಿದ್ದವು. ಭಾವ ಅದ್ದದೆ ವಿಧಿಯಿರಲಿಲ್ಲ. ಅದ್ದಿದರು.

“ಹೇಗಿದೆ?”

“ಉಗುರು ಬೆಚ್ಚಗಿದೆ,” ಎಂದರು ಭಾವ, ತಮ್ಮ ಕಾಲಬೆರಳಿಗೆ ಹೇಳುವವರಂತೆ.

“ಐಸ್ ಕರಗಿದ ನೀರು ಬೆಚ್ಚಗಿರುತ್ತಾ, ಭಾವ?”

ಮೊದಲು ನಕ್ಕದ್ದು ಅತ್ತೆ. ಅವರ ಹಿಂದೆ ಓಣಿ ನಕ್ಕಿತು, ಓಣಿಯ ಹಿಂದೆ ಅಂಗಳವೆಲ್ಲ. ಗೋಣಿಯಿಂದ ಇಳಿಯುವ ಐಸಿನ ನೀರು ತಗಡಿನ ಹೊರಗಿನಿಂದ ನೆಲಕ್ಕೆ ಬೀಳುತ್ತಿರುವುದನ್ನೂ, ಬಸ್ಸಿನ ನೀರು ಒಳಗಿನಿಂದ ಧಾರೆಯಾಗಿ ಬರುತ್ತಿರುವುದನ್ನೂ ಎಂಜಿನಿಯರು ಬಗ್ಗಿ ನೋಡಿ ಎಲ್ಲರಿಗೂ ತೋರಿಸಿದರು. ಡ್ರೈವರ್ ಇನ್ನು ಯಾರಿಗೂ ಕಾಯಲಿಲ್ಲ. ಕೈಯಲ್ಲಿದ್ದ ಲೋಟವನ್ನು ಎತ್ತಿ, ಹೆಂಡತಿಯನ್ನು ನೋಡುತ್ತ, ಗಟಗಟನೆ ಕುಡಿದ. ಯಾವ ರುಚಿಯೂ ಇರಲಿಲ್ಲ. ಬಾಯಿ ಒರೆಸಿಕೊಂಡ. ಗಟ್ಟಿಯಾಗಲಿಲ್ಲ.

ಅಧ್ಯಕ್ಷರು ಒಂದು ಲೋಟ ಕುಡಿದರು. ಚಪ್ಪಾಳೆಯ ಜೋರಿಗೆ ಮತ್ತೊಂದು ಕುಡಿದರು. ಮೈಕು ಹಿಡಿದು, ಇಡೀ ಜಗತ್ತು ಹೊಗೆ ಕುಡಿಯುತ್ತಿರುವಾಗ ನಮ್ಮ ಊರು ಬಸ್ಸಿನಿಂದ ನೀರು ಕುಡಿಯುತ್ತಿದೆ ಎಂದರು. ಜನ ನುಗ್ಗಿದರು. ಬಾಟಲಿ, ಮಗ್ಗು, ಟಿಫಿನ್ ಡಬ್ಬಿಯ ಮುಚ್ಚಳ, ಸಿಕ್ಕಿದ್ದನ್ನೆಲ್ಲ ಒಡ್ಡಿದರು. ಟೈಲರು ಮೀಸೆ ಒದ್ದೆ ಮಾಡಿಕೊಂಡು ಮೂರನೆಯ ಸಲ ಸಾಲಿನಲ್ಲಿ ನಿಂತರು. ಅತ್ತೆ ಪಕ್ಕದವರಿಗೆಲ್ಲ, ಅವರು ನಮ್ಮ ಅಳಿಯ, ಚಿಕ್ಕ ಅಳಿಯ ಎಂದು ಒತ್ತಿ ಹೇಳುತ್ತಿದ್ದರು. ಆ ಮಾತು ಕೇಳಿಸಿದಾಗ ಡ್ರೈವರನ ಎರಡು ಭುಜಗಳೂ ಒಂದೇ ಮಟ್ಟಕ್ಕೆ ಬಂದವು.

ಅಧ್ಯಕ್ಷರು ಅವನನ್ನು ವೇದಿಕೆಗೆ ಕರೆಸಿ ಹೆಗಲ ಮೇಲೆ ಕೈಹಾಕಿದರು. ಏನು ಬೇಕೋ ಕೇಳು ಎಂದರು.

ಡ್ರೈವರ್ ಯೋಚಿಸಬೇಕಾಗಿರಲಿಲ್ಲ. “ಈ ಬಸ್ಸು ನನ್ನ ಕೈಯಿಂದ ತಪ್ಪಬಾರದು ಸಾರ್. ಅಷ್ಟೇ.”

ಅಧ್ಯಕ್ಷರ ಕಣ್ಣು ತುಂಬಿ ಬಂತು. ನೌಕರನಾದವನು ಹೀಗಿರಬೇಕು ಎಂದು ಮೈಕಿನಲ್ಲೇ ಹೇಳಿದರು. ಇವರು ನಿವೃತ್ತರಾಗುವವರೆಗೂ ಈ ಬಸ್ಸು ಇವರದ್ದೇ, ಬೇರೆ ಯಾರೂ ಅದರ ಸ್ಟಿಯರಿಂಗ್ ಮುಟ್ಟಬಾರದು, ಇದು ನನ್ನ ಆಜ್ಞೆ ಎಂದು ಸಾರಿದರು. ಅಂಗಳ ಕುಣಿಯಿತು. ಹೆಂಡತಿ ಸೆರಗಿನಿಂದ ಕಣ್ಣೊರೆಸಿಕೊಂಡಳು. ಬದುಕಿನಲ್ಲಿ ಮೊದಲ ಬಾರಿಗೆ ಡ್ರೈವರಿಗೆ, ಬೇಕಾದದ್ದನ್ನು ಬೇಕಾದ ಹೊತ್ತಿನಲ್ಲಿ ಬೇಕಾದವರ ಮುಂದೆ ಕೇಳಿದೆ ಎನ್ನಿಸಿತು.

ಜನ ಸ್ವಲ್ಪ ಚದುರಿದ ಮೇಲೆ ಅವನು ಹೋಗಿ ತನ್ನ ಸೀಟಿನಲ್ಲಿ ಕೂತ. ಅತ್ತೆ ಆಗಲೇ ಕಿಟಕಿಯ ಪಕ್ಕದ ಜಾಗ ಹಿಡಿದಿದ್ದರು. ಮೊದಲ ಟ್ರಿಪ್ಪು ಸೀದಾ ಕೆಳಗಿನ ಊರು ಸುತ್ತಿ, ಆಚೆ ಕೆರೆಯ ದಂಡೆಯವರೆಗೆ ಹೋಗಿ ಬರುವುದು ಎಂದು ಅವರಿಗೆ ಹೇಳಿದ. ಸ್ಟಿಯರಿಂಗನ್ನು ಅಂಗೈಯಿಂದ ಒಮ್ಮೆ ಸವರಿ, ಕನ್ನಡಿ ಸರಿಮಾಡಿಕೊಂಡ. ಕನ್ನಡಿಯಲ್ಲಿ ಡಿಪೋದ ಫಿಟ್ಟರು ಕಾಣಿಸಿದ. ಹಿಂದಿನ ಚಕ್ರಗಳಿಗೆ ದೊಡ್ಡ ದೊಡ್ಡ ಕಲ್ಲು ಕೊಡುತ್ತಿದ್ದ.

ಡ್ರೈವರ್ ಕಿಟಕಿಯಿಂದ ತಲೆ ಹೊರಹಾಕಿದ. ಕೆಳಗೆ ಮ್ಯಾನೇಜರು ನಗುತ್ತ ನಿಂತಿದ್ದರು.

“ಕಲ್ಲು ತೆಗೆಸಿ ಸಾರ್, ಹೊರಡಬೇಕು.”

“ಎಲ್ಲಿಗೆ?”

“ರೂಟಿಗೆ.”

“ರೂಟಿಗೆ ಕಳಿಸಿದ್ರೆ ಇಲ್ಲಿ ಬಂದವರಿಗೆ ನೀರು ಎಲ್ಲಿಂದ ಕೊಡೋದು?” ಎಂದರು ಮ್ಯಾನೇಜರು. ಅಧ್ಯಕ್ಷರಿಗೆ ಬಸ್ಸು ಎಷ್ಟು ಹಿಡಿಸಿತೆಂದರೆ, ಅದನ್ನು ರಸ್ತೆಯ ಧೂಳಿಗೆ ಬಿಡಲು ಮನಸ್ಸು ಬರಲಿಲ್ಲವಂತೆ. ಇನ್ನು ಅದು ಕಚೇರಿಯ ಮುಂದೆಯೇ ಇರುತ್ತದೆ. ಬೆಳಿಗ್ಗೆಯಿಂದ ಸಂಜೆಯವರೆಗೆ ಚಾಲೂ ಇರುತ್ತದೆ. ಬೇರೆ ಬೇರೆ ಊರಿನ ದೊಡ್ಡವರೆಲ್ಲ ಬಂದು ನೋಡುತ್ತಾರೆ, ಕುಡಿಯುತ್ತಾರೆ, ಹೋಗುತ್ತಾರೆ. ದಿನಕ್ಕಿಷ್ಟು ಐಸಿಗೂ ವ್ಯಾಪಾರಿಯ ಜೊತೆ ಮಾತಾಗಿದೆ. ಟೈರುಗಳನ್ನು ನಾಳೆ ಬಿಚ್ಚಿ ಬೇರೆ ಬಸ್ಸಿಗೆ ಹಾಕುತ್ತಾರೆ.

“ಹಾಗಾದ್ರೆ ನಾನು?”

“ನಿಮ್ಮ ಕೈಯಿಂದ ತಪ್ಪಬಾರದು ಅಂತ ನೀವೇ ಕೇಳಿದ್ರಲ್ಲ. ಆಜ್ಞೆ ಆಗಿದೆ. ನಿವೃತ್ತಿಯವರೆಗೂ ಇದರಿಂದ ನಿಮ್ಮನ್ನ ಯಾರೂ ಇಳಿಸೋ ಹಾಗಿಲ್ಲ.”

ಅತ್ತೆ ಹಿಂದಿನಿಂದ, ಯಾವಾಗ ಹೊರಡುವುದು ಅಳಿಯಂದಿರೇ ಎಂದು ಕೇಳಿದರು. ಡ್ರೈವರ್ ಎದುರಿನ ಗಾಜಿನಲ್ಲಿ ಕೆಳಗೆ ಇಳಿದುಹೋಗುವ ಖಾಲಿ ರಸ್ತೆಯನ್ನು ನೋಡುತ್ತ ಕೂತಿದ್ದ. ಬಸ್ಸು ಪಾಪ, ಒಂದಿಷ್ಟೂ ಸದ್ದು ಮಾಡದೆ, ಹೊರಡಲು ಸಿದ್ಧವಾಗಿ ನಿಂತಿತ್ತು. ಅಷ್ಟರಲ್ಲಿ ಹಿಂದಿನ ಗಾಜನ್ನು ಯಾರೋ ಟಕಟಕ ಬಡಿದರು. ಭಾವ. ಎಲ್ಲಿಂದ ತಂದಿದ್ದರೋ, ಕೈಯಲ್ಲಿ ವನಸ್ಪತಿಯ ದೊಡ್ಡ ಖಾಲಿ ಡಬ್ಬವಿತ್ತು.

“ಅಯ್ಯಾ, ಒಳಗಿನ ಲೈಟೆಲ್ಲ ಹಾಕು, ಏಸಿನೂ ಜೋರು ಮಾಡು,” ಎಂದರು. “ಇಲ್ಲಿ ಧಾರೆ ಸಣ್ಣ ಆಗ್ತಿದೆ.”